ಗ್ಲೆಂಡಲಾಕ್ ದುಂಡುಗೋಪುರ: ಹೊರಗಿನಿಂದ ಓದುವ ಬಗೆ

ಐರ್ಲೆಂಡಿನ ಗ್ಲೆಂಡಲಾಕ್‌ನಲ್ಲಿ ಹಳೆಯ ಕ್ರೈಸ್ತ ಮಠವೊಂದರ ಎತ್ತರದ, ದುಂಡನೆಯ ಕಲ್ಲಿನ ಗೋಪುರವಿದೆ. ಅದರೊಳಗೆ ಪ್ರವೇಶವಿಲ್ಲ. ಅದಕ್ಕೇ ಬಹಳಷ್ಟು ಜನ ಒಂದು ಸೆಲ್ಫಿ ಹೊಡೆದು ಕೆರೆಯ ಕಡೆ ನಡೆದುಬಿಡುತ್ತಾರೆ. ನಾನು ಗೋಪುರಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳುತ್ತೇನೆ, ದುರ್ಬೀನು ಒಯ್ಯುತ್ತೇನೆ.

ಡಬ್ಲಿನ್‌ನಿಂದ ಸುಮಾರು 50 ಕಿ.ಮೀ. ದಕ್ಷಿಣಕ್ಕೆ, ವಿಕ್ಲೋ ಬೆಟ್ಟಗಳ ನಡುವೆ ಇದೆ. ಬಸ್ಸುಗಳು ಕಡಿಮೆ, ವಾಪಸ್ ಬಸ್ಸು ಎಷ್ಟು ಹೊತ್ತಿಗೆಂದು ನೋಡಿಕೊಂಡೇ ಇಳಿಯಿರಿ. ಬೆಳಿಗ್ಗೆ ಹೋದರೆ ಪಾರ್ಕಿಂಗ್ ಸಿಗುತ್ತದೆ, ಆಗ್ನೇಯಕ್ಕೆ, ಮಠದ ಕೆಥೀಡ್ರಲ್ (ಮುಖ್ಯ ಚರ್ಚು) ಕಡೆಗೆ ಮುಖಮಾಡಿದ ಗೋಪುರದ ಬಾಗಿಲಿನ ಮೇಲೆ ಬಿಸಿಲೂ ಬೀಳುತ್ತದೆ. ಮಠದ ಹಳೆಯ ಜೋಡಿ ಕಮಾನಿನ ಹೆಬ್ಬಾಗಿಲಲ್ಲಿ ಕಲ್ಲುಹಾಸು ಮಳೆಗೆ ಜಾರುತ್ತದೆ, ಸ್ಮಶಾನದ ಹುಲ್ಲಿನಡಿ ನೆಲವೂ ಏರುತಗ್ಗು. ಹಿಡಿತವಿರುವ ಶೂ ಬೇಕು. ಬೇಸಿಗೆಯಲ್ಲಿ ಗಾಳಿ ನಿಂತರೆ ನೊರಜು ಮುತ್ತುತ್ತದೆ.

ಮೊದಲು ಬಾಗಿಲು ನೋಡುತ್ತೇನೆ. ನೆಲದಿಂದ ಸುಮಾರು 3.5 ಮೀಟರ್ ಮೇಲಿದೆ. ಸಮುದ್ರದಾಚೆಯಿಂದ ಕೊಳ್ಳೆಹೊಡೆಯಲು ಬರುತ್ತಿದ್ದ ವೈಕಿಂಗರು ಬಂದಾಗ ಏಣಿ ಎಳೆದುಕೊಳ್ಳಲು ಹೀಗೆ ಮಾಡಿದರು ಎಂದು ಎಲ್ಲರೂ ಹೇಳುವುದುಂಟು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಇಂಥ ಗೋಪುರಗಳ ಅಡಿಪಾಯ ಆಳವಿರುವುದಿಲ್ಲ, ಬುಡದಲ್ಲೇ ಗೋಡೆ ಕೊರೆದರೆ ಬಲ ತಗ್ಗುತ್ತದೆ. ಅಡಗಲು ಜಾಗವಾಗಿಯೂ ಇದು ಅಪಾಯದ್ದೇ: ಒಳಗೆ ಮರದ ಅಂತಸ್ತು, ಮರದ ಏಣಿ. ಬೆಂಕಿ ಬಿದ್ದರೆ ಗೋಪುರವೇ ಹೊಗೆಗೊಳವೆಯಂತೆ ಉರಿಯನ್ನು ಮೇಲಕ್ಕೆಳೆಯುತ್ತದೆ. 1097ರಲ್ಲಿ ಐರ್ಲೆಂಡಿನ ಇನ್ನೊಂದು ಮಠವಾದ ಮೊನಾಸ್ಟರ್‌ಬಾಯ್ಸ್‌ನ ಗೋಪುರ ಪುಸ್ತಕಗಳ ಸಮೇತ ಸುಟ್ಟುಹೋಯಿತೆಂದು ಐರಿಷ್ ವಾರ್ಷಿಕ ದಾಖಲೆಗಳು ಹೇಳುತ್ತವೆ.

ಆಮೇಲೆ ಗೋಡೆಗೆ ಹತ್ತಿರ ಹೋಗಿ ನಿಲ್ಲಿ. ಕಪ್ಪು ಬೂದಿ ಬಣ್ಣದ, ಪದರಪದರವಾದ ಕಲ್ಲು ಅಭ್ರಕದ ಶಿಸ್ಟ್. ಬಿಸಿಲಿಗೆ ಮಿಣಮಿಣ ಎನ್ನುತ್ತದೆ. ನಡುನಡುವೆ ತಿಳಿಬಣ್ಣದ ಒರಟು ಕಲ್ಲು ಗ್ರಾನೈಟ್. ಬುಡ ಸುಮಾರು 5 ಮೀಟರ್ ಅಡ್ಡಗಲ, ಎತ್ತರ ಸುಮಾರು 30 ಮೀಟರ್, ಮೇಲೆ ಹೋದಂತೆ ಸಣ್ಣಗಾಗುತ್ತದೆ. ನಿಧಾನವಾಗಿ ಒಂದು ಸುತ್ತು ಬನ್ನಿ. ಸಣ್ಣ ಕಿಟಕಿಗಳು ಒಂದರ ಮೇಲೊಂದು ಬರುವುದಿಲ್ಲ, ಒಂದೊಂದು ಅಂತಸ್ತಿಗೆ ಒಂದೊಂದು ಕಡೆ. ತುದಿಯಲ್ಲಿ ಮಾತ್ರ ನಾಲ್ಕು ದಿಕ್ಕಿಗೆ ನಾಲ್ಕು: ಇದು ಗಂಟೆಗೋಪುರ. ಶಂಕುವಿನಾಕಾರದ ಚಾವಣಿ ಹಾಗೇ ಉಳಿದದ್ದಲ್ಲ. 1876ರಲ್ಲಿ ಹಳೆಯ ಕಲ್ಲುಗಳಿಂದಲೇ ಮತ್ತೆ ಕಟ್ಟಿದ್ದು.

ಫೋಟೋ ಬುಡದಿಂದ ತೆಗೆಯಬೇಡಿ. ಫೋನ್ ಮೇಲಕ್ಕೆತ್ತಿದಷ್ಟೂ ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಕಾಲುಸೇತುವೆ ದಾಟಿ ಹೊಳೆಯ ಆಚೆ ದಡದ ದಾರಿಗೆ ಹೋಗಿ, ಜೂಮ್ ಮಾಡಿ ತೆಗೆದರೆ ನೆಟ್ಟಗೆ ಬರುತ್ತದೆ.

ಒಳಗಿನ ಇಕ್ಕಟ್ಟು ಗೊತ್ತಾಗಬೇಕೆಂದರೆ ಐರ್ಲೆಂಡಿನದೇ ಕಿಲ್ಕೆನ್ನಿ ಊರಿನ ಸೇಂಟ್ ಕ್ಯಾನಿಸ್ ಕೆಥೀಡ್ರಲ್ ಪಕ್ಕದ ಇಂಥದೇ ಗೋಪುರ ಹತ್ತಬೇಕು. ಅದಕ್ಕೆ ಚಾವಣಿಯಿಲ್ಲ, ತುದಿ ಬಯಲು. ಏಣಿ ಕಡಿದಾದದ್ದು, ಕಂಡಿ ಕಿರಿದು. ಬೆನ್ನಿಗೆ ಬ್ಯಾಗು ಬೇಡ, ಇಳಿಯುವಾಗ ಮುಖ ಏಣಿಯ ಕಡೆಗೇ ಇರಲಿ. ಹವೆ ಕೆಟ್ಟರೆ ಹತ್ತಲು ಬಿಡದಿರಬಹುದು, ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ.