ಹುಲಿಗೆ ಗನ್ ಹಿಡಿದೆ, ಬಣ್ಣ ನಿಂತಿತು

ಉಡುಪಿಯ ಅಷ್ಟಮಿಗೆ ಹುಲಿ ವೇಷಕ್ಕೆ ಬಣ್ಣ ಬರೆಯಲು ಹಿಡಿದು ಇಪ್ಪತ್ತು ವರ್ಷ ಆಗಿರಬಹುದು. ಈಗ ಮೂರ್ನಾಲ್ಕು ವರ್ಷದಿಂದ ಮೈಯ ಎನಾಮಲ್ ಬಣ್ಣ, ಬಿಳಿ ಮತ್ತು ಹಳದಿ ಎರಡನ್ನೂ ಸ್ಪ್ರೇ ಗನ್ನಿನಲ್ಲೇ ಹೊಡೆಯುತ್ತಿದ್ದೇನೆ. ಬ್ರಷ್ ಪಟ್ಟೆಗೆ ಮತ್ತು ಮುಖಕ್ಕೆ ಮಾತ್ರ. ಹೋದ ಸಲ ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ಸಂಜೆ ರಥಬೀದಿಯಲ್ಲಿ ನಮ್ಮ ಹುಲಿಗಳನ್ನು ನೋಡಿದವರು ಹೇಳಲಿ, ಎಲ್ಲಾದರೂ ಬಣ್ಣ ಎದ್ದಿತ್ತಾ?

ಶುರುವಿನಲ್ಲಿ ನಗಾಡದವರಿಲ್ಲ. ನನಗೆ ಬ್ರಷ್ ಹಿಡಿಯಲು ಕಲಿಸಿದ ಹಿರಿಯರೇ "ಇದೆಂತ ಮಾರಾಯ, ಹುಲಿಯಾ ಕಾರಾ?" ಅಂದರು. ತಂಡದ ಯಜಮಾನರ ಚಿಂತೆ ಬೇರೆ. ತೆಳು ಬಣ್ಣ ಮಳೆಗೆ ನಿಲ್ಲಲ್ಲ ಅಂತ ಅವರ ವಾದ. ಅದೂ ಸುಮ್ನೆ ಹೇಳಿದ್ದಲ್ಲ. ವೇಷಕ್ಕೆ ಮುಂಚಿನ ಊದು ಪೂಜೆ ಮುಗಿಸಿ ರಾತ್ರಿ ಬಣ್ಣಕ್ಕೆ ನಿಂತವನು ಎರಡು ದಿನ ಅದೇ ಮೈಯಲ್ಲಿ ತಾಸೆ ಅನ್ನುವ ಚರ್ಮವಾದ್ಯದ ಪೆಟ್ಟಿಗೆ ಕುಣಿಯಬೇಕು. ಹರಕೆಯ ಹುಲಿಯ ಬಣ್ಣ ಮಧ್ಯದಲ್ಲಿ ಕಿತ್ತು ಬಂದರೆ ಮನೆಯವರಿಗೂ ಬೇಸರ.

ಆದರೆ ಬ್ರಷ್ಷಿನ ದಪ್ಪ ಬಣ್ಣದ ಕಷ್ಟ ಹಾಕಿಸಿಕೊಂಡವನಿಗೇ ಗೊತ್ತು. ಕೈಗಳನ್ನು ಅಡ್ಡ ಬಿದಿರಿನ ಮೇಲಿಟ್ಟು ಫ್ಯಾನಿನ ಎದುರು ಗಂಟೆಗಟ್ಟಲೆ ನಿಲ್ಲಬೇಕು. ಕಂಕುಳು, ಮೊಣಕಾಲಿನ ಹಿಂಭಾಗ ಬೇಗ ಒಣಗುವುದೇ ಇಲ್ಲ. ತೆಗೆಯುವಾಗ ಸೀಮೆಎಣ್ಣೆ ಹಾಕಿ ಉಜ್ಜಿದರೆ ಆ ಉರಿ ಯಾರಿಗೆ ಬೇಕು?

ಗ್ಯಾರೇಜೊಂದರ ಹಳೆ ಕಂಪ್ರೆಸರ್ ಐದಾರು ಸಾವಿರಕ್ಕೆ ಸಿಕ್ಕಿತು. ಗನ್ನಿಗೆ ಬೇರೆ ಒಂದೂವರೆ ಸಾವಿರ. ಬಣ್ಣ ತೆಳು ಮಾಡುವ ಎನ್‌ಸಿ ಥಿನ್ನರ್ ಬೆರೆಸಿ ಮೊದಲು ನನ್ನ ಕೈಗೇ ಹೊಡೆದೆ. ಬೆಂಕಿ ಬಿದ್ದ ಹಾಗಾಯಿತು, ಅದನ್ನು ಅಲ್ಲಿಗೇ ಬಿಟ್ಟೆ. ಟರ್ಪೆಂಟೈನ್ ಜಾಸ್ತಿ ಮಾಡಿದರೆ ಹಳದಿ ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ. ಗನ್ ದೂರ ಹಿಡಿದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈಮೇಲೆ ಪುಡಿಪುಡಿಯಾಗಿ ಕೂರುತ್ತದೆ. ಆ ವರ್ಷ ಎಲ್ಲರಿಗೂ ಮತ್ತೆ ಬ್ರಷ್ಷಿನಲ್ಲೇ ಬಳಿಯಬೇಕಾಯಿತು. ನಾಲ್ಕು ಸಾವಿರದ ಹತ್ತಿರ ಬಣ್ಣ ನೀರುಪಾಲು. ಇನ್ನೊಂದು ಸಲ ನಡುರಾತ್ರಿ ಕರೆಂಟ್ ಹೋಯಿತು. ಒಬ್ಬ ಸೊಂಟದ ಮೇಲೆ ಹುಲಿ, ಕೆಳಗೆ ಮನುಷ್ಯ! ಈಗ ಜನರೇಟರ್ ಬಾಡಿಗೆಯೂ ಲೆಕ್ಕದಲ್ಲಿ ಸೇರಿದೆ.

ಕೊನೆಗೆ ಕೈ ಹಿಡಿದದ್ದು ಹೀಗೆ. ಗನ್ನಿಗೂ ಮೈಗೂ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಗಾಳಿಯ ಒತ್ತಡ 25-30 ಪೌಂಡ್ (ಪಿಎಸ್‌ಐ). ಮೊದಲು ಬಿಳಿ, ತೆಳ್ಳಗೆ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಹಳದಿ, ಎರಡು ಸಲ. ಕೀಲು ಇರುವಲ್ಲೆಲ್ಲ ಚರ್ಮ ಹಿಗ್ಗಿಸಿಯೇ ಹೊಡೆಯಬೇಕು. ಮಂಡಿಗೆ ಹೊಡೆಯುವಾಗ ಕಾಲು ಸ್ವಲ್ಪ ಬಗ್ಗಿಸಿ ನಿಲ್ಲಿಸುತ್ತೇನೆ. ನೆಟ್ಟಗೆ ನಿಂತ ಕಾಲಿಗೆ ಹೊಡೆದರೆ ಮೊದಲ ಜಿಗಿತಕ್ಕೇ ಬಿರುಕು. ಹೊಡೆಯುವವರಿಗೂ ಹೊಡೆಸಿಕೊಳ್ಳುವವರಿಗೂ ಮೂಗಿಗೆ ಮಾಸ್ಕ್ ಬೇಕೇ ಬೇಕು. ಮುಖಕ್ಕೆ ಗನ್ ತೋರಿಸುವುದೇ ಇಲ್ಲ.

ಮೈ ಬೋಳಿಸಿದ ಮೇಲೆ, ಬಿಳಿ ಬೀಳುವ ಮುಂಚೆ ಏನು ಸವರುತ್ತೇನೆ ಅನ್ನೋದನ್ನು ಬರೆಯಲ್ಲ. ಹಳದಿಗೆ ಸೇರಿಸುವುದನ್ನೂ ಹೇಳಲ್ಲ. ನಮ್ಮಲ್ಲಿಗೆ ಬಂದು ಒಂದು ರಾತ್ರಿ ಕೆಲಸಕ್ಕೆ ನಿಲ್ಲಿ, ತೋರಿಸ್ತೇನೆ.

ನಡುವೆ ಅಕ್ರಿಲಿಕ್ ಕೂಡ ನೋಡಿದೆ. ಬೆವರಿಗೆ ಸಿಪ್ಪೆಯ ಹಾಗೆ ಸುಲಿದು ಬಂತು. ಕೇರಳದ ತ್ರಿಶೂರಿನಲ್ಲಿ ಹುಲಿ ಕುಣಿಯುವ ಪುಲಿಕಳಿಯವರು ಎನಾಮಲ್‌ಗೆ ಟೆಂಪೆರಾ ಬಣ್ಣದ ಪುಡಿ ಅರೆದು ಹಾಕುತ್ತಾರೆ. ಹೊಟ್ಟೆಯ ಮೇಲೆ ಹುಲಿಯ ಮುಖವನ್ನೇ ಬರೆಯುವ ಅವರಿಗೆ ಅದು ಸರಿ. ನನ್ನ ಗನ್ನಿನ ಮೂತಿ ಮಾತ್ರ ಪುಡಿಗೆ ಕಟ್ಟಿಕೊಂಡಿತು. ಮರಿಹುಲಿಗಳಿಗೆ ಎನಾಮಲ್ಲೇ ಬೇಡ ಅಂತ ಯಕ್ಷಗಾನದ ಚೌಕಿಯ (ಬಣ್ಣ ಹಚ್ಚುವ ಕೋಣೆ) ದಾರಿ ಹಿಡಿದೆ, ಪುಡಿ ಬಣ್ಣ, ತೆಂಗಿನೆಣ್ಣೆ. ಅರ್ಧ ದಿನಕ್ಕೆ ಸಾಕು. ಮಕ್ಕಳು ಅಷ್ಟರಲ್ಲಿ ನಿದ್ದೆಗೆ ಬಿದ್ದಿರುತ್ತಾರೆ, ಅಲ್ವಾ?

ಮೊದಲು ಒಂದು ಹುಲಿಗೆ ಅರ್ಧ ಲೀಟರ್ ಮೇಲೆ ಬೇಕಿತ್ತು. ಈಗ ಕಾಲು ಲೀಟರ್, ಗಾಳಿಗೆ ಹೋಗುವುದೂ ಸೇರಿ. ಪದರ ತೆಳುವಾದ್ದರಿಂದ ತೆಂಗಿನೆಣ್ಣೆ ಹಚ್ಚಿ ಕಾದರೆ ಮುಕ್ಕಾಲು ಪಾಲು ಬಿಡುತ್ತದೆ, ಸೀಮೆಎಣ್ಣೆ ಕಪ್ಪು ಪಟ್ಟೆಗಷ್ಟೇ. ಇಪ್ಪತ್ತು ಹುಲಿಯ ತಂಡಕ್ಕೆ ಮೊದಲು ನಾಲ್ವರು ಬೆಳಗಿನವರೆಗೆ ಬರೆಯುತ್ತಿದ್ದೆವು. ಈಗ ಇಬ್ಬರು, ಮೂರು ಗಂಟೆಯ ಹೊತ್ತಿಗೆ ಮುಗಿಸುತ್ತೇವೆ. ಜನರೇಟರ್ ಕಳೆದು ಎರಡು ಸಾವಿರವಾದರೂ ಉಳಿಯುತ್ತದೆ. ಅದು ನನ್ನ ಕೈಗೇನೂ ಬಂದಿಲ್ಲ. ಯಜಮಾನರು ಇನ್ನೊಂದು ಜೋಡಿ ತಾಸೆ ಕರೆಸಿದರು.

ಮಂಗಳೂರು ದಸರೆಗೆ ಚಿಟ್ಟೆ ಹುಲಿಯ, ಅಂದರೆ ಚಿರತೆ ವೇಷದ, ಚುಕ್ಕೆಗೂ ಗನ್ ಹಿಡಿಯುವ ಯೋಚನೆ ಇದೆ. ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡಿದ್ದೇನೆ. ಬೆನ್ನಿಗೆ ಚೆನ್ನಾಗಿ ಕೂರುತ್ತದೆ, ತೊಡೆಗೆ ಇನ್ನೂ ಕೂರುತ್ತಿಲ್ಲ.