ಒಂದೇ ಅಂಕಿ, ಆರು ಕಂತು: ದೂರದ ಭೂಕಂಪಕ್ಕೆ ಹಣ ಕೂಡಿಸಿದ ನನ್ನ ಅನುಭವ

"ಮುಖ ನೋಡದವರಿಗೆ ಯಾರ್ರೀ ಕೊಡ್ತಾರೆ? ಪಕ್ಕದ ಮನೆಯವರು ಬಿದ್ರೇ ಎತ್ತೋರಿಲ್ಲ." 2023ರ ಫೆಬ್ರವರಿಯಲ್ಲಿ ಟರ್ಕಿ-ಸಿರಿಯಾ ಭೂಕಂಪಕ್ಕೆ ಹಣ ಕೂಡಿಸೋಕೆ ಹೊರಟಾಗ ನಮ್ಮ ಆಫೀಸಿನ ಹಿರಿಯರೊಬ್ಬರು ಹೀಗಂದರು. ಅನ್ನೋದಕ್ಕೆ ಅವರಿಗೆ ಹಕ್ಕಿತ್ತು. ನಾನು ಎರಡು ಸಲ ಮುಗ್ಗರಿಸಿದ್ದನ್ನು ಕಣ್ಣಾರೆ ನೋಡಿದ್ದರು.

ಮೊದಲನೆಯದು 2015ರ ನೇಪಾಳ ಭೂಕಂಪ. ಬಟ್ಟೆ ಕೊಡಿ ಅಂದೆ. ಕೊಟ್ಟರು ನೋಡಿ! ಅರವತ್ತೋ ಎಪ್ಪತ್ತೋ ಮೂಟೆ. ಎರಡು ರಾತ್ರಿ ಕೂತು ವಿಂಗಡಿಸಿದೆವು. ಜಿಪ್ ಕಿತ್ತ ಪ್ಯಾಂಟು, ಮದುವೆ ಕೋಟು, ಹೈಹೀಲ್ಸ್‌ನ ಒಂದೇ ಕಾಲು. ಅದರ ಜೋಡಿ ಹುಡುಕುತ್ತಾ ಒಬ್ಬ ಹುಡುಗ ಅರ್ಧ ಗಂಟೆ ಮೂಟೆಯೊಳಗೇ ಇದ್ದ. ಸಿಗಲಿಲ್ಲ. ಕೈಗೆ ಬಂದಿದ್ದ ಅಷ್ಟಿಷ್ಟು ಹಣದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಸಾಗಣೆಗೇ ಹೋಯಿತು. ಅಷ್ಟಾದರೂ ಅರ್ಧ ಮೂಟೆ ಗೋದಾಮಿನಲ್ಲೇ ಉಳಿದವು. 2004ರ ಸುನಾಮಿ ನಂತರ ಹಳೇ ಬಟ್ಟೆ ರಸ್ತೆ ಬದಿ ರಾಶಿ ಬಿದ್ದಿದ್ದನ್ನು ಓದಿದ್ದೆ. ಗೊತ್ತಿದ್ದೂ ಗುಂಡಿಗೆ ಬಿದ್ದೆ. ಆಮೇಲೆ ಹಣ ಬಿಟ್ಟು ಇನ್ನೇನನ್ನೂ ಮುಟ್ಟಿಲ್ಲ.

ಎರಡನೆಯದು 2019ರ ಇಡಾಯ್ ಚಂಡಮಾರುತ. ಮೊಜಾಂಬಿಕ್‌ನ ಬೈರಾ ನಗರ ನುಚ್ಚುನೂರಾಗಿ, ಸುತ್ತಲಿನ ಜನ ಛಾವಣಿ ಮೇಲೆ, ಮರದ ಮೇಲೆ ಕೂತಿದ್ದರು. ಪೋಸ್ಟರ್ ಮಾಡಿಸಿದೆ. ಮೇಲೆ ಮಗುವಿನ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ಸತ್ತವರೆಷ್ಟು, ಮನೆ ಕಳಕೊಂಡವರೆಷ್ಟು, ಎಲ್ಲಾ. ಸುಮಾರು 200 ಜನರಿಗೆ ಕಳಿಸಿದೆ. ಹಣ ಕೊಟ್ಟವರು 14 ಅಥವಾ 15. ಕೈಮುಗಿಯುವ ಇಮೋಜಿ ಮಾತ್ರ ನೂರರ ಮೇಲೆ ಬಂತು.

ಎಡವಿದ್ದೆಲ್ಲಿ ಅಂತ ಆಮೇಲೆ ಗೊತ್ತಾಯಿತು. ಡೆಬೊರಾ ಸ್ಮಾಲ್, ಪಾಲ್ ಸ್ಲೋವಿಕ್ ಮೊದಲಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆ ಓದಿದವರು ಧಾರಾಳವಾಗಿ ಕೊಟ್ಟರು. ಅದೇ ಕಥೆಗೆ ಲಕ್ಷಾಂತರ ಹಸಿದವರ ಲೆಕ್ಕ ಅಂಟಿಸಿದಾಗ ಕೈ ಹಿಂದಕ್ಕೆ ಹೋಯಿತು. ನನ್ನ ಪೋಸ್ಟರ್ ಕಥೆಯೂ ಅದೇ. ಫೋಟೊ ಗಳಿಸಿದ್ದನ್ನು ಅಂಕಿ ಕಳೆದಿತ್ತು.

ಹಾಗಾಗಿ ಟರ್ಕಿ-ಸಿರಿಯಾ ಭೂಕಂಪ ಆದಾಗ ಅಂಕಿಗಳನ್ನೆಲ್ಲಾ ಕಿತ್ತು ಹಾಕಿದೆ. 7.8 ತೀವ್ರತೆ ಅಂತಲೂ ಬರೆಯಲಿಲ್ಲ. ಉಳಿಸಿಕೊಂಡದ್ದು ಗಡಿಯಾರದ ಅಂಕಿ ಒಂದೇ. "ಬೆಳಗಿನ ಜಾವ 4:17. ಆ ಹೊತ್ತಿಗೆ ನಿಮ್ಮ ಮೈಮೇಲೆ ಏನಿರುತ್ತೆ? ಹಾಗೇ ಎದ್ದು ಬರಿಗಾಲಲ್ಲಿ ಓಡಿ. ಹೊರಗೆ ಕೊರೆಯುವ ಚಳಿ. ವಾಪಸ್ ಒಳಗೆ ಹೋಗೋಕೆ ಮನೆ ಇಲ್ಲ." ಇದರ ಕೆಳಗೆ ಒಂದೇ ಬೇಡಿಕೆ: ಒಂದು ದಿನದ ಸಂಬಳ, ಆರು ತಿಂಗಳಲ್ಲಿ ಆರು ಕಂತು.

ಕಂತು ಯಾಕೆ ಅಂದರೆ, ಸುದ್ದಿ ಎರಡು ವಾರಕ್ಕೆ ಆರಿಹೋಗುತ್ತೆ, ಟೆಂಟಿನ ಬದುಕು ಹಾಗಲ್ಲ. ಹಣ ಮೊದಲ ದಿನಗಳಲ್ಲೇ ಒಂದೇ ಕಡೆ ನುಗ್ಗೋದೂ ಉಂಟು. 2004ರ ಸುನಾಮಿ ಆಗಿ ಎರಡು ವಾರ ತುಂಬುವ ಮೊದಲೇ ವೈದ್ಯರ ಸಂಸ್ಥೆ ಎಂಎಸ್ಎಫ್, ಸುನಾಮಿಗೆ ಅಂತ ಬಂದ ಹಣ ನಮಗೆ ಸಾಕು ಅಂದುಬಿಟ್ಟಿತ್ತು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಅದಕ್ಕೇ ನಾನೂ ಮೊದಲೇ ಹೇಳಿಬಿಡ್ತೀನಿ: ಉಳಿದರೆ ಮುಂದಿನ ದುರಂತಕ್ಕೆ ಹೋಗುತ್ತೆ, ಒಪ್ಪಿಗೆ ಇದ್ದರೆ ಮಾತ್ರ ಕೊಡಿ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಸತ್ತ ಮಗಳ ಕೈ ಬಿಡದೆ ಕುಸಿದ ಕಟ್ಟಡದ ಪಕ್ಕ ಕೂತ ಅಪ್ಪನ ಫೋಟೊ ನೆನಪಿದೆ ಅಲ್ವಾ? ಈ ಸಲ ನಾನು ಕೇಳಿದ 80 ಜನರಲ್ಲಿ ಅರ್ಧ ಜನರಿಗೆ ಮೆಸೇಜ್ ಜೊತೆ ಅದನ್ನೂ ಕಳಿಸಿದೆ. ಅತ್ತವರು ಜಾಸ್ತಿ, ಕೊಟ್ಟವರು ಆಚೆ ಗುಂಪಿಗಿಂತ ಒಂದಿಬ್ಬರು ಕಮ್ಮಿಯೇ. "ಅವರ ಸಂಕಟ ತೋರಿಸಿ ದುಡ್ಡು ಕೇಳ್ತೀರಾ?" ಅಂತ ಒಬ್ಬರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಆ ಫೋಟೊ ಅಲ್ಲಿಗೇ ಬಿಟ್ಟೆ.

ಇನ್ನೊಂದು, ಮೊದಲು ಬಾಸ್ ಹತ್ತಿರ ಹೋಗಬೇಡಿ. ಅವರು ಕೊಟ್ಟ ಮರುಗಳಿಗೆ ಉಳಿದವರಿಗೆ ಅದು ತೆರಿಗೆ ಆಗುತ್ತೆ. ಮೊದಲು ಯಾರನ್ನು ಕೇಳ್ತೀನಿ, ಕಂತು ಸೊರಗುವ ಮೂರನೇ ತಿಂಗಳ ಮೆಸೇಜ್‌ನಲ್ಲಿ ಏನು ಬರೀತೀನಿ, ಎರಡೂ ಹೇಳಲ್ಲ. ಬೇಜಾರಾಗಬೇಡಿ, ಎಂಟು ವರ್ಷ ಮಣ್ಣು ಹೊತ್ತು ಕಲಿತದ್ದು.

80ರಲ್ಲಿ ಸೇರಿದವರು 50ರ ಮೇಲೆ. ಆರನೇ ಕಂತಿನವರೆಗೂ ನಿಂತವರು 41 ಜನ. ನಾನೇ ಎರಡು ಸಲ ಎಣಿಸಿದೆ. ಆರು ತಿಂಗಳು ಮುಗಿದ ಮೇಲೂ ಬ್ಯಾಂಕಿನಲ್ಲಿ ಕಂತು ನಿಲ್ಲಿಸದವರು ಏಳು ಜನ. ಅದರಲ್ಲಿ "ಯಾರ್ರೀ ಕೊಡ್ತಾರೆ" ಅಂದಿದ್ದ ಹಿರಿಯರೂ ಒಬ್ಬರು. ಮರೆತರೋ, ಬೇಕಂತಲೇ ಬಿಟ್ಟರೋ, ನಾನು ಕೇಳೋಕೆ ಹೋಗಿಲ್ಲ.