ಒಂದು ವಾಕ್ಯ ಹಿಡಿದು ಹಾಕಿದ ಅರ್ಜಿ: ಯೆಹೂದಿ ಸಂದೇಹವಾದದ ಫೆಲೋಶಿಪ್, ನನ್ನ ಅನುಭವ

ಯೆಹೂದಿ ಚಿಂತನೆಯಲ್ಲಿ ಸಂದೇಹವಾದ ಎಂದ ಕೂಡಲೇ ಅರ್ಜಿ ಬರೆಯುವವರ ಕೈ ತಡೆಯುವುದಿಲ್ಲ. ಬೈಬಲ್ಲಿನ ಕೊಹೆಲೆತ್‌ನಿಂದ ಹಿಡಿದು 18ನೇ ಶತಮಾನದ ತತ್ವಜ್ಞಾನಿ ಸೊಲೊಮನ್ ಮೈಮೊನ್‌ವರೆಗಿನ ಎಲ್ಲವನ್ನೂ ಹತ್ತು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಬರೆದುಬಿಡುತ್ತಾರೆ. ನನ್ನ ಮೊದಲ ಕರಡೂ ಅದೇ ಜಾತಿಯದು. ಆಯ್ಕೆಯಾದ ಪ್ರಸ್ತಾವ ನಿಂತದ್ದು ಒಂದೇ ಒಂದು ವಾಕ್ಯದ ಮೇಲೆ. ಆ ವಾಕ್ಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ಅರ್ಜಿ ಎಲ್ಲಿಗೆ, ಯಾವಾಗ ಎಂಬ ಮಾತು.

ಈ ವಿಷಯಕ್ಕೆಂದೇ ಹುಟ್ಟಿದ್ದು ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಮೈಮೊನಿಡೀಸ್ ಸೆಂಟರ್ ಫಾರ್ ಅಡ್ವಾನ್ಸ್ಡ್ ಸ್ಟಡೀಸ್. ಜರ್ಮನ್ ಸಂಶೋಧನಾ ಪ್ರತಿಷ್ಠಾನವಾದ ಡಿಎಫ್‌ಜಿಯ ಹಣದಿಂದ, ಜುಸೆಪ್ಪೆ ವೆಲ್ಟ್ರಿ ಅವರ ನಿರ್ದೇಶನದಲ್ಲಿ, 2015ರಲ್ಲಿ ಶುರುವಾಯಿತು. ಇಂಥ ಕೇಂದ್ರಗಳಿಗೆ ಡಿಎಫ್‌ಜಿ ಹಣ ಕೊಡುವುದು ನಾಲ್ಕು ಮತ್ತು ನಾಲ್ಕು, ಹೆಚ್ಚೆಂದರೆ ಎಂಟು ವರ್ಷ. ಹಾಗಾಗಿ ಹಳೆಯ ಪ್ರಕಟಣೆ ಕಂಡು ಯೋಜನೆ ಹಾಕುವ ಮುಂಚೆ ಹಣದ ಅವಧಿ ಎಲ್ಲಿಯವರೆಗಿದೆ ನೋಡಿಕೊಳ್ಳಬೇಕು. ಆದರೆ ಆ ಕೇಂದ್ರದ ವಾರ್ಷಿಕ ಸಂಚಿಕೆಗಳು ಎಲ್ಲಿಗೂ ಹೋಗುವುದಿಲ್ಲ. ಯಾವ ಪಠ್ಯದ ಮೇಲೆ ಯಾರು ಏನು ಹೇಳಿ ಆಗಿದೆ ಎಂದು ತಿಳಿಯಲು ಅವನ್ನು ಮೊದಲಿನಿಂದ ತಿರುವಿಹಾಕುವುದೇ ಹತ್ತಿರದ ದಾರಿ.

ಉಳಿದಂತೆ ಎರಡು ಬಗೆಯ ಬಾಗಿಲುಗಳಿವೆ. ಫಿಲಡೆಲ್ಫಿಯಾದಲ್ಲಿರುವ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾಟ್ಜ್ ಸೆಂಟರ್ ವರ್ಷಕ್ಕೊಂದು ವಿಷಯ ಇಡುತ್ತದೆ. ನಿಮ್ಮ ಪಠ್ಯ ಆ ವರ್ಷದ ವಿಷಯಕ್ಕೆ ಕೂಡದಿದ್ದರೆ ಎಳೆದು ಹೊಂದಿಸಬೇಡಿ, ಒಂದು ವರ್ಷ ಕಾಯಿರಿ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ವಿಷಯದ ಕಟ್ಟಿಲ್ಲ, ಪಿಎಚ್‌ಡಿ ಹೊಸದಾಗಿ ಮುಗಿಸಿದವರಿಗೆ ಅವಧಿ 6ರಿಂದ 24 ತಿಂಗಳು. ಆದರೆ ಅಲ್ಲಿ ಆತಿಥ್ಯ ಕೊಡುವ ಪ್ರಾಧ್ಯಾಪಕರ ಒಪ್ಪಿಗೆ ಮೊದಲು ಕೈಯಲ್ಲಿರಬೇಕು. ಅವರಿಗೆ ಬರೆಯುವ ಮೊದಲ ಮೇಲ್ 200 ಪದ ದಾಟದಿರಲಿ: ಪಠ್ಯ, ಪ್ರಶ್ನೆ, ಅವರೇ ಏಕೆ, ಯಾವ ತಿಂಗಳಿಂದ. ಸಿವಿಯನ್ನು ಅವರು ಕೇಳಿದ ಮೇಲೆ ಕಳಿಸಿದರಾಯಿತು.

'ಅರ್ಲಿ ಕರಿಯರ್', ಅಂದರೆ ಪಿಎಚ್‌ಡಿ ಆಗಿ ಕೆಲವೇ ವರ್ಷವಾದವರು, ಎಂಬುದರ ಗಡಿಯಾರ ಯಾವಾಗ ಶುರುವಾಗುತ್ತದೆ? ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧ ಸಲ್ಲಿಸಿದ ದಿನ, ವೈವಾ ದಿನ, ನೋಟಿಫಿಕೇಶನ್ ದಿನ, ಘಟಿಕೋತ್ಸವದ ದಿನ ಎಂದು ನಾಲ್ಕು ತಾರೀಖುಗಳಿರುತ್ತವೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ವರ್ಷ ಅಂತರ ಬೀಳುವುದೂ ಉಂಟು. ಅರ್ಜಿಯ ಒಂದು ಕಡೆ ವೈವಾ ತಾರೀಖು, ಇನ್ನೊಂದು ಕಡೆ ಘಟಿಕೋತ್ಸವದ ತಾರೀಖು ಬರೆದರೆ ಕಡತ ಅಲ್ಲೇ ನಿಲ್ಲುತ್ತದೆ. ನಾನು ಎಲ್ಲ ಕಡೆ ನೋಟಿಫಿಕೇಶನ್ ತಾರೀಖನ್ನೇ ಹಾಕಿ, ಪ್ರೊವಿಷನಲ್ ಸರ್ಟಿಫಿಕೇಟ್ ಲಗತ್ತಿಸಿ, ಉಳಿದ ತಾರೀಖುಗಳು ಯಾವುವು ಎಂದು ಸಿವಿಯಲ್ಲಿ ಒಂದೇ ಸಾಲಿನಲ್ಲಿ ಬಿಡಿಸಿ ಹೇಳಿದೆ.

ಈಗ ಆ ವಾಕ್ಯ. 12ನೇ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೊನಿಡೀಸ್ 1190ರ ಸುಮಾರಿಗೆ ಯೆಹೂದಿ ಅರಬಿಯಲ್ಲಿ, ಅಂದರೆ ಹೀಬ್ರೂ ಅಕ್ಷರದಲ್ಲಿ ಬರೆಯುವ ಅರಬಿಯಲ್ಲಿ, ಮುಗಿಸಿದ ಗ್ರಂಥಕ್ಕೆ ಹೀಬ್ರೂವಿನಲ್ಲಿ ಮೋರೆ ನೆವುಖೀಮ್ ಎಂದು ಹೆಸರು. ಇಂಗ್ಲಿಷಿನಲ್ಲಿ ಎಲ್ಲರೂ 'ಗೈಡ್' ಎನ್ನುತ್ತಾರೆ. ನಮ್ಮಲ್ಲಿ ಗೈಡ್ ಎಂದರೆ ಪಿಎಚ್‌ಡಿ ಮೇಷ್ಟ್ರು, ಹಾಗಾಗಿ ಇಲ್ಲಿ 'ಮೋರೆ' ಎಂದೇ ಕರೆಯುತ್ತೇನೆ. ಅದರ ಎರಡನೇ ಭಾಗದ 24ನೇ ಅಧ್ಯಾಯದಲ್ಲಿ ಒಂದು ಇಕ್ಕಟ್ಟು ಬರುತ್ತದೆ. ಆಕಾಶದ ಚಲನೆ ಸ್ಥಿರವಾದ ಕೇಂದ್ರದ ಸುತ್ತ ನಡೆಯಬೇಕು ಎನ್ನುತ್ತದೆ ಅರಿಸ್ಟಾಟಲನ ಭೌತಶಾಸ್ತ್ರ. ಖಗೋಳಜ್ಞ ಟಾಲೆಮಿಯ ಲೆಕ್ಕದಲ್ಲಿ ವೃತ್ತದ ಮೇಲೊಂದು ಸಣ್ಣ ವೃತ್ತ, ಕೇಂದ್ರ ತಪ್ಪಿದ ವೃತ್ತ ಎಲ್ಲ ಬೇಕು, ಗ್ರಹಣಗಳ ಲೆಕ್ಕ ತಾಳೆಯಾಗುವುದೂ ಅವುಗಳಿಂದಲೇ. ಎರಡೂ ಒಟ್ಟಿಗೆ ನಿಜವಾಗಲಾರವು. ಇದೇ ನಿಜವಾದ ಗೊಂದಲ ಎನ್ನುತ್ತಾರೆ ಮೈಮೊನಿಡೀಸ್. ಅಧ್ಯಾಯದ ಕೊನೆಗೆ ಬರುವ ವಾಕ್ಯವನ್ನು ಒಂದು ರೀತಿ ಓದಿದರೆ, ಆಕಾಶದಿಂದ ಅದನ್ನು ಚಲಿಸುವಂತೆ ಮಾಡುವವನನ್ನು, ಅಂದರೆ ದೇವರನ್ನು, ಊಹಿಸುವುದೂ ಮನುಷ್ಯ ಬುದ್ಧಿಗೆ ಎಟುಕದ ವಿಷಯ ಎಂದಾಗುತ್ತದೆ. ಆದರೆ ಅದೇ ಭಾಗದ ಮೊದಲನೇ ಅಧ್ಯಾಯದಲ್ಲಿ ಅವರೇ ಆಕಾಶದ ಚಲನೆಯಿಂದ ದೇವರ ಇರವನ್ನು ಸಾಧಿಸಿ ತೋರಿಸಿದ್ದಾರೆ! 1204ರಲ್ಲಿ ಇದನ್ನು ಹೀಬ್ರೂವಿಗೆ ತಂದ ಸ್ಯಾಮ್ಯುಯೆಲ್ ಇಬ್ನ್ ತಿಬ್ಬೋನ್‌ಗೇ ಇಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಗುಮಾನಿ ಬಂದಿತ್ತು. ವಿರಾಮದ ಜಾಗ ಸರಿಸಿ ಓದಿದರೆ ಅರ್ಥ ತಿರುಗುತ್ತದೆ: ಚಲಿಸುವಂತೆ ಮಾಡುವವನಿದ್ದಾನೆ ಎಂಬಷ್ಟು ತಿಳಿಯಬಹುದು, ಮಿಕ್ಕದ್ದು ತಿಳಿಯದು.

ಶ್ಲೋಮೋ ಪೀನೆಸ್ 1979ರಲ್ಲಿ ಎತ್ತಿದ ಮನುಷ್ಯ ಜ್ಞಾನದ ಮಿತಿಯ ಚರ್ಚೆ, 2013ರಲ್ಲಿ ಜೋಸೆಫ್ ಸ್ಟರ್ನ್ ಮುಂದಿಟ್ಟ ಸಂದೇಹವಾದಿ ಓದು, ಅವಕ್ಕೆ ಬಂದ ವಿರೋಧ, ಎಲ್ಲದರಲ್ಲೂ ಈ ಸಾಲು ತಲೆ ಹಾಕುತ್ತದೆ. ಪ್ರಸ್ತಾವಕ್ಕೆ ಇಷ್ಟು ಸಾಕು. ನನ್ನ ಕೆಲಸವನ್ನು ಹೀಗೆ ಕಟ್ಟಿದೆ: ಮೊದಲ ಎರಡು ತಿಂಗಳು ಆ ವಾಕ್ಯ ಹಸ್ತಪ್ರತಿಗಳಲ್ಲಿ ಹೇಗಿದೆ ಎಂದು ಹೋಲಿಸುವುದು, ಮುಂದಿನ ಮೂರು ತಿಂಗಳು ಫಲಕೇರಾ, ನರ್ಬೋನಿ, ಎಫೋದಿ ಎಂಬ ಮೂವರು ಹಳೆಯ ವ್ಯಾಖ್ಯಾನಕಾರರು ಆ ಅಧ್ಯಾಯವನ್ನು ಹೇಗೆ ದಾಟಿದ್ದಾರೆ ಎಂದು ನೋಡುವುದು, ಮೂರು ತಿಂಗಳು ಬರವಣಿಗೆ, ಒಂಬತ್ತನೇ ತಿಂಗಳು ಕಮ್ಮಟದಲ್ಲಿ ಮಂಡನೆ, ಹತ್ತನೇ ತಿಂಗಳು ತಿದ್ದಿ ಪತ್ರಿಕೆಗೆ ಕಳಿಸುವುದು. ಹಸ್ತಪ್ರತಿಗಳ ಮಟ್ಟಿಗೆ ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯದ 'ಕ್ತೀವ್' ಸಂಗ್ರಹದಲ್ಲಿ ಬಹಳಷ್ಟು ಪ್ರತಿಗಳ ಚಿತ್ರಗಳು ಮನೆಯಿಂದಲೇ ಸಿಗುತ್ತವೆ. ಅರ್ಜಿಗೆ ಮೊದಲೇ ನಾಲ್ಕೈದು ಪ್ರತಿ ತೆಗೆದು, ಹಾಳೆ ಸಂಖ್ಯೆ ಸಮೇತ ಪಟ್ಟಿ ಮಾಡಿ ಪ್ರಸ್ತಾವದಲ್ಲಿ ಹಾಕಿದೆ. ಕೆಲಸ ಆಗಲೇ ಶುರುವಾಗಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೋರೆಯನ್ನು ಉಲ್ಲೇಖಿಸುವಾಗ ಭಾಗ, ಅಧ್ಯಾಯದ ಜೊತೆಗೆ ಮುಂಕ್ ಸಂಪಾದಿಸಿದ ಅರಬಿ ಪಠ್ಯದ ಹಾಳೆ ಸಂಖ್ಯೆಯನ್ನೂ ಕೊಡಬೇಕು. ಇಂಗ್ಲಿಷ್ ಅನುವಾದದ ಪುಟ ಸಂಖ್ಯೆ ಮಾತ್ರ ಕೊಟ್ಟರೆ ಮೂಲ ಮುಟ್ಟಿಲ್ಲ ಎಂದೇ ಓದುವವರು ತಿಳಿಯುತ್ತಾರೆ.

ಪ್ರಸ್ತಾವ 1,500 ಪದ ಎಂದರೆ ನಾನು ಹಂಚಿಕೊಂಡದ್ದು ಹೀಗೆ: ಪ್ರಶ್ನೆಗೆ 200, ಈವರೆಗಿನ ಚರ್ಚೆಗೆ 350, ಪಠ್ಯ ಮತ್ತು ವಿಧಾನಕ್ಕೆ 600, ವೇಳಾಪಟ್ಟಿಗೆ 200, ಫಲಿತಕ್ಕೆ 150. ಪ್ರಶ್ನೆಯ ಆ 200 ಪದಗಳೊಳಗೇ ಸಂದೇಹವಾದ ಎಂದರೆ ಇಲ್ಲಿ ಏನು ಎಂದು ಹೇಳಿಬಿಡಬೇಕು. ಪ್ರಾಚೀನ ಗ್ರೀಸಿನ ಪೈರೋ ಪಂಥದ ತೀರ್ಪು ತಡೆಹಿಡಿಯುವಿಕೆಯೋ, ಜ್ಞಾನಕ್ಕೆ ಗಡಿ ಹಾಕುವುದೋ, ಎದುರಾಳಿಯನ್ನು ಕೆಡವಲು ಹೂಡಿದ ವಾದತಂತ್ರವೋ? ಮೂರೂ ಬೇರೆ. ಇದನ್ನು ಬಿಟ್ಟ ಅರ್ಜಿಗಳಲ್ಲಿ ಕಾಲದ ತಪ್ಪು ನುಸುಳುತ್ತದೆ. ಪೈರೋ ಪಂಥದ ವಾದಗಳನ್ನು ಬರೆದಿಟ್ಟ ಸೆಕ್ಸ್ಟಸ್ ಎಂಪಿರಿಕಸ್‌ನ ಗ್ರಂಥ ಲ್ಯಾಟಿನ್ನಿನಲ್ಲಿ ಅಚ್ಚಾದದ್ದು 1562ರಲ್ಲಿ. ಅವನನ್ನು ಮೈಮೊನಿಡೀಸ್ ಓದಿದ್ದರು ಎಂಬಂತೆ ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. 1651ರಲ್ಲಿ ವೆನಿಸ್ಸಿನ ರಬ್ಬಿ ಸಿಮೋನೆ ಲುಜ್ಜಾಟ್ಟೊ ಪ್ರಕಟಿಸಿದ 'ಸೊಕ್ರಾತೆ'ಯ ಮೇಲೆ ಕೆಲಸ ಮಾಡುವವರಿಗೆ ಈ ತೊಡಕಿಲ್ಲ, ಆ ಹೊತ್ತಿಗೆ ಸೆಕ್ಸ್ಟಸ್ ಯುರೋಪಿನಲ್ಲಿ ಓಡಾಡುತ್ತಿದ್ದ. ಆದರೆ ಅದು ಇಟಾಲಿಯನ್ ಗ್ರಂಥ. ಹೀಬ್ರೂ ಕಲಿತವರು ಇದನ್ನು ಆರಿಸಿಕೊಂಡು ಭಾಷೆಯ ಕಾಲಂನಲ್ಲಿ ತಡಬಡಾಯಿಸುತ್ತಾರೆ.

ನಮ್ಮ ಕಡೆಯವರಿಗೆಂದೇ ತೋಡಿಟ್ಟಂತೆ ಇನ್ನೊಂದು ಗುಂಡಿ ಇದೆ: ತುಲನೆ. ನಾಗಾರ್ಜುನ, ಜಯರಾಶಿ ಭಟ್ಟ, ಜೈನರ ಸ್ಯಾದ್ವಾದ ಎಲ್ಲ ತಂದು ಮೈಮೊನಿಡೀಸ್ ಪಕ್ಕ ಕೂರಿಸುವ ಆಸೆ. ಪೈರೋ ಅಲೆಗ್ಸಾಂಡರನ ಜೊತೆ ಭಾರತಕ್ಕೆ ಬಂದಿದ್ದ ಎಂಬ ಕತೆಯಿಂದ ಅರ್ಜಿ ಶುರು ಮಾಡುವುದು ಅದರ ಹಳಸಿದ ರೂಪ. ತುಲನೆ ತಪ್ಪಲ್ಲ. ಎರಡೂ ಕಡೆ ಮೂಲ ಭಾಷೆಯಲ್ಲಿ ಒಂದೊಂದು ಪುಟವನ್ನು ಸಾಲು ಸಾಲಾಗಿ ಓದಿ ತೋರಿಸುವ ಶಕ್ತಿ ಇದ್ದರೆ ಮಾಡಬಹುದು. ಇಲ್ಲದಿದ್ದರೆ ಕೊನೆಯ ಪ್ಯಾರಾದಲ್ಲಿ ಎರಡು ಸಾಲು ಸಾಕು. ನಾನು ಅಷ್ಟೂ ಬರೆಯಲಿಲ್ಲ.

ಭಾಷಾ ಜ್ಞಾನದ ಕಾಲಂನಲ್ಲಿ 'ಗುಡ್', 'ಫ್ಲೂಯೆಂಟ್' ಎಂದು ತುಂಬಿದರೆ ಏನೂ ಹೇಳಿದಂತಾಗುವುದಿಲ್ಲ. 'ಸ್ವರಚಿಹ್ನೆಯಿಲ್ಲದ ಮಧ್ಯಯುಗದ ತಾತ್ವಿಕ ಹೀಬ್ರೂ ಗದ್ಯ: ಕ್ಲಾಟ್ಸ್ಕಿನ್ ಕೋಶದ ನೆರವಿನಿಂದ, ಯೆಹೂದಿ ಅರಬಿ: ಬ್ಲೌ ಕೋಶದ ನೆರವಿನಿಂದ, ನಿಧಾನವಾಗಿ' ಎಂದು ಬರೆದೆ. ಜೊತೆಗೆ ಆ ವಾಕ್ಯ ಇರುವ ಪ್ಯಾರಾದ ನನ್ನದೇ ಅನುವಾದ, ಅರ್ಧ ಪುಟ. ಇನ್ನು ಕಡತದ ತೊಂದರೆ. ವರ್ಡ್‌ನಲ್ಲಿ ಹೀಬ್ರೂ ಪಕ್ಕ ಅಂಕಿಯೋ ಆವರಣವೋ ಬಂದರೆ ಸಾಲಿನ ಕ್ರಮ ತಿರುಗಿ ಕೂರುತ್ತದೆ. ಆ ಭಾಗವನ್ನು ಆರಿಸಿ ಬಲದಿಂದ ಎಡಕ್ಕೆ ಎಂದು ಗೊತ್ತುಪಡಿಸಿ, ಫಾಂಟ್ ಒಳಸೇರಿಸಿ ಪಿಡಿಎಫ್ ಮಾಡಿ, ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಬೇಕು. ಪೋರ್ಟಲ್‌ನ ಟೈಪ್ ಮಾಡುವ ಚೌಕದಲ್ಲಿ ಹೀಬ್ರೂ ಅಕ್ಷರ ಹಾಕಲೇಬೇಡಿ, ಲಿಪ್ಯಂತರ ಸಾಕು.

ಶಿಫಾರಸು ಪತ್ರಗಳಿಗೆ ಆರು ವಾರ ಮೊದಲೇ ಕೇಳಬೇಕು. 'ಪ್ರಾಮಾಣಿಕ, ಪರಿಶ್ರಮಿ' ಎಂಬ ನಮ್ಮ ಮಾಮೂಲಿ ಪತ್ರ ಅಲ್ಲಿ ನಡೆಯುವುದಿಲ್ಲ. ಮೇಷ್ಟ್ರಿಗೆ ಪ್ರಸ್ತಾವದ ಜೊತೆ ಒಂದು ಪುಟದ ಟಿಪ್ಪಣಿ ಕೊಟ್ಟೆ: ಯಾವ ಪಠ್ಯವನ್ನು ಅವರ ಬಳಿ ಓದಿದ್ದು, ಪ್ರಬಂಧದ ಯಾವ ಅಧ್ಯಾಯ ಇದಕ್ಕೆ ತಳಪಾಯ, ಹತ್ತು ತಿಂಗಳಲ್ಲಿ ಇದು ಮುಗಿಯುತ್ತದೆ ಎನ್ನಲು ಏನು ಆಧಾರ. ಪತ್ರ ಸೇರಿಸುವ ಕೊಂಡಿ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿರುತ್ತದೆ, ಫೋನ್ ಮಾಡಿ ನೆನಪಿಸಿ.

ಆಯ್ಕೆಯಾದ ಮೇಲೆ ಕರ್ನಾಟಕ, ಕೇರಳದವರು ಜರ್ಮನ್ ವೀಸಾಕ್ಕೆ ಬೆಂಗಳೂರಿನ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ಆಹ್ವಾನ ಪತ್ರದಲ್ಲಿ ತಿಂಗಳ ಮೊತ್ತ, ಶುರು ಮತ್ತು ಕೊನೆಯ ತಾರೀಖು, ಕೆಲಸದ ಸ್ವರೂಪ ಮೂರೂ ಇರಲಿ. ಫೆಲೋಶಿಪ್ ಸಂಬಳವಲ್ಲದಿದ್ದರೆ ಆರೋಗ್ಯ ವಿಮೆ ನಿಮ್ಮ ಕೈಯಿಂದಲೇ, ಇಳಿದ ದಿನದಿಂದಲೇ ಬೇಕು. ಬಾಡಿಗೆ ಮನೆಗೆ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಕೇಳಬಹುದು. ಮೊದಲ ಕಂತು ಬ್ಯಾಂಕ್ ಖಾತೆಗೆ ಕಾಯುತ್ತದೆ, ಖಾತೆ ಹಲವೆಡೆ ವಿಳಾಸ ನೋಂದಣಿಗೆ ಕಾಯುತ್ತದೆ. ನೋಂದಣಿ ಮನೆ ಸೇರಿದ ಎರಡು ವಾರದೊಳಗೆ ಆಗಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. ಸಹಿ ಕೊಡುವುದಿಲ್ಲ ಎನ್ನುವ ಕೋಣೆ ಎಷ್ಟು ಅಗ್ಗವಾದರೂ ಬೇಡ. ಎರಡು ತಿಂಗಳ ಖರ್ಚು, ಅದರ ಮೇಲೆ ಮುಂಗಡದ ಹಣ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಅಲ್ಲಿ ಹೋದ ಮೇಲೆ ವಾರದ ಪಠ್ಯ ಓದಿನ ಕೂಟವೇ ನಿಜವಾದ ಪರೀಕ್ಷೆ. ಉಪನ್ಯಾಸ ಸಿದ್ಧ ಮಾಡಿಕೊಂಡು ಹೋದರೆ ಕೆಡುತ್ತದೆ. ಎರಡು ಪುಟದ ಹಾಳೆ ಸಾಕು: ಎಡಗಡೆ ಅನುವಾದ, ಬಲಗಡೆ ಮೂಲ, ಪ್ರತಿ ಐದು ಸಾಲಿಗೊಂದು ಸಂಖ್ಯೆ. ನಲವತ್ತೈದು ನಿಮಿಷದಲ್ಲಿ ಎಂಟು ಹತ್ತು ಸಾಲು ದಾಟಿದರೆ ಹೆಚ್ಚು. ನಾನು ಮೊದಲ ಸಲ 24ನೇ ಅಧ್ಯಾಯ ಪೂರ್ತಿ ಮುದ್ರಿಸಿಕೊಂಡು ಹೋಗಿದ್ದೆ. ಮಾತು ಕೊನೆಯ ವಾಕ್ಯದ ಒಂದು ಅರಬಿ ಸಂಬಂಧಸೂಚಕದಲ್ಲೇ ಮುಗಿಯಿತು.